ಕೆಟ್ಟ ಸುದ್ದಿ ನಿಮ್ಮ ಟೇಬಲ್‌ಗೆ ಎಷ್ಟು ಹೊತ್ತಿಗೆ ಬರುತ್ತದೆ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ 14 ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ಸೀನಿಯರ್ ಆರೋಗ್ಯ ಕೆಟ್ಟು ಪ್ರಾಕ್ಟೀಸ್ ನಿಲ್ಲಿಸಿದರು. ಆಫೀಸು ನನ್ನ ಕೈಗೆ ಬಂತು. ಈಗ ಮೂವರು ಜೂನಿಯರ್‌ಗಳು, ಒಬ್ಬ ಹಳೆಯ ಗುಮಾಸ್ತರು, ಒಬ್ಬ ಟೈಪಿಸ್ಟ್ ಇದ್ದಾರೆ. ನಮ್ಮ ಸೀನಿಯರ್ ಬೈದೇ ಕಲಿಸಿದವರು. ನಾನು ಹಾಗಾಗಬಾರದು, ಜನರನ್ನು ಚೆನ್ನಾಗಿ ನೋಡಿಕೊಳ್ಳುವ ಆಫೀಸು ಕಟ್ಟಬೇಕು ಅಂದುಕೊಂಡೆ. ಆದರೂ ಒಂದೂವರೆ ವರ್ಷದಲ್ಲಿ ಇಬ್ಬರು ಬಿಟ್ಟು ಹೋದರು. ಅವರಲ್ಲಿ ಒಬ್ಬಳು ಕಾರಣವನ್ನೂ ಹೇಳಲಿಲ್ಲ. ಜಡ್ಜ್ ಪರೀಕ್ಷೆಗೆ ಬೇಕೆಂದು ಅವಳು ಕಳಿಸಿದ ಅನುಭವ ಪತ್ರಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಒಳ್ಳೆಯವಳಾಗಿದ್ದರೆ ಶಿಸ್ತು ಹೋಗುತ್ತದೆ ಎಂದು ಜೊತೆಯ ವಕೀಲರು ಹೇಳುತ್ತಾರೆ. ದುಡ್ಡೂ ಅಷ್ಟಕ್ಕಷ್ಟೇ. ಜನರೇ ಮೊದಲು ಎನ್ನುವುದು ವಕೀಲರ ಆಫೀಸಿಗೆ ಹೊಂದುವ ಮಾತಾ? ಹೋದವಳಿಗೆ ಫೋನ್ ಮಾಡಿ ಮಾತಾಡಲಾ?

ಉತ್ತರ: ಮೇಡಂ, ನಿಮ್ಮ ಪತ್ರ ದೊಡ್ಡದಿತ್ತು, ಮೇಲೆ ಚಿಕ್ಕದು ಮಾಡಿ ಕೊಟ್ಟಿದ್ದೇನೆ. ಆ ಪತ್ರದಲ್ಲಿ ‘ಒಳ್ಳೆಯವಳು’ ಎಂಬ ಮಾತು ನಾಲ್ಕು ಸಲ ಬಂದಿದೆ. ಕೇಸಿನ ತಾರೀಖು ಬರೆದಿಡುವ ‘ಡೈರಿ’ ಎಂಬ ಮಾತು ಒಂದು ಸಲವೂ ಬಂದಿಲ್ಲ. ನನಗೆ ಅಲ್ಲೇ ಅನುಮಾನ ಬಂತು.

ಮೊದಲು ನನ್ನದೇ ಒಂದು ಕಥೆ ಹೇಳುತ್ತೇನೆ. ಹೆಮ್ಮೆಯ ಕಥೆಯಲ್ಲ.

ನಾನು ಬೆಂಗಳೂರಿನಲ್ಲಿ 27 ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಹೆಚ್ಚಾಗಿ ಸಿವಿಲ್, ಸ್ವಲ್ಪ ಚೆಕ್ ಬೌನ್ಸ್. 2018ರ ಒಂದು ಶುಕ್ರವಾರ ಸಂಜೆ ನಮ್ಮ ಒಬ್ಬ ಹಳೆಯ ಕಕ್ಷಿದಾರರು ಆಫೀಸಿಗೆ ಬಂದರು. ಮರದ ವ್ಯಾಪಾರಿ. ಹಣ ವಸೂಲಿಗೆ ದಾವೆ ಹಾಕಿದ್ದೆವು. ಕುರ್ಚಿಯಲ್ಲಿ ಕೂರಲೇ ಇಲ್ಲ. ಫೋನ್ ನನ್ನ ಮುಂದೆ ಹಿಡಿದರು. ‘ಸಾರ್, ನನ್ನ ಮಗ ಈ ಇ-ಕೋರ್ಟ್ಸ್ ಆ್ಯಪ್ ಹಾಕ್ಕೊಟ್ಟ. ಇದರಲ್ಲಿ ಡಿಸ್ಪೋಸ್ಡ್ ಅಂತ ತೋರಿಸ್ತಾ ಇದೆ. ನಿಮ್ಮ ಹುಡುಗ ನೋಡಿದ್ರೆ ಮುಂದಿನ ತಿಂಗಳು ಡೇಟ್ ಇದೆ ಅಂತಾನೆ.’

ಡೈರಿ ತೆಗೆದೆ. ಮುಂದಿನ ತಿಂಗಳ ಪುಟದಲ್ಲಿ ಕೇಸ್ ನಂಬರ್ ಇತ್ತು. ಉಳಿದ ಎಲ್ಲವೂ ನೀಲಿ ಪೆನ್ನಿನಲ್ಲಿ. ಇದೊಂದು ಮಾತ್ರ ಪೆನ್ಸಿಲ್‌ನಲ್ಲಿ.

ದಾವೆ ಡೀಫಾಲ್ಟ್‌ನಲ್ಲಿ, ಅಂದರೆ ಕರೆದಾಗ ನಮ್ಮ ಕಡೆಯವರು ಯಾರೂ ಇಲ್ಲ ಎಂದು, ವಜಾ ಆಗಿ ಆವತ್ತಿಗೆ 47 ದಿನ ಆಗಿತ್ತು. ಜೂನಿಯರ್‌ನನ್ನು ಕರೆದೆ. ಅವನು ನನ್ನ ಮುಖ ನೋಡಲಿಲ್ಲ, ಬೀರುವಿನ ಕಡೆ ನೋಡುತ್ತ ನಿಂತ. ಆವತ್ತು ಎರಡು ಕೋರ್ಟಿನಲ್ಲಿ ಒಂದೇ ಹೊತ್ತಿಗೆ ಕರೆದಿದ್ದರಂತೆ. ಒಂದು ಕಡೆ ಪಾಟಿಸವಾಲು ನಡೆಯುತ್ತಿತ್ತು, ಬಿಟ್ಟು ಬರುವ ಹಾಗಿರಲಿಲ್ಲ. ಓಡಿ ಬರುವಷ್ಟರಲ್ಲಿ ಇಲ್ಲಿ ಆರ್ಡರ್ ಆಗಿತ್ತು. ಇದು ಯಾರಿಗಾದರೂ ಆಗಬಹುದಾದದ್ದು. ನನಗೂ ಆಗಿದೆ. ‘ಆವತ್ತೇ ಯಾಕೆ ಹೇಳಲಿಲ್ಲ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ಅದರ ಹಿಂದಿನ ವಾರ ನೀವು ಫೈಲ್ ಎಸೆದಿದ್ರಿ ಸರ್.’

ಅವನ ಮೇಲೆ ಎಸೆದದ್ದಲ್ಲ. ಇನ್ನೊಬ್ಬ ಜೂನಿಯರ್ ಇಂಡೆಕ್ಸ್‌ನಲ್ಲಿ ಪುಟದ ನಂಬರ್ ಹಾಕಿರಲಿಲ್ಲ ಅಂತ. ನನಗೆ ಅದು ಮರೆತೇ ಹೋಗಿತ್ತು.

ಈಗ ಇದರ ಲೆಕ್ಕ ನೋಡಿ. ಆವತ್ತು ಸಂಜೆಯೇ ಹೇಳಿದ್ದರೆ ಮರುದಿನ ಬೆಳಿಗ್ಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 9 ರೂಲ್ 9ರ ಕೆಳಗೆ ಅರ್ಜಿ, ಜೊತೆಗೆ ಒಂದು ಅಫಿಡವಿಟ್. ಕಾಸ್ಟ್, ಅಂದರೆ ಎದುರು ಪಕ್ಷಕ್ಕೆ ಇಷ್ಟು ಖರ್ಚು ಕೊಡಿ ಎಂದು ಹಾಕಿ, ಕೋರ್ಟ್ ದಾವೆಗೆ ಮತ್ತೆ ಜೀವ ಕೊಡುತ್ತಿತ್ತು. ಆ ಅರ್ಜಿಗೆ ಲಿಮಿಟೇಷನ್, ಅಂದರೆ ಕಾಲಮಿತಿ, 30 ದಿನ. ನಾವು 17 ದಿನ ದಾಟಿದ್ದೆವು. ಹಾಗಾಗಿ ವಿಳಂಬ ಮನ್ನಾಕ್ಕೆ ಲಿಮಿಟೇಷನ್ ಕಾಯ್ದೆಯ ಸೆಕ್ಷನ್ 5ರ ಅರ್ಜಿ ಬೇರೆ. ಎದುರು ಪಕ್ಷದವರು ಸುಮ್ಮನೆ ಬಿಡುತ್ತಾರಾ? ತಕರಾರು ಹಾಕಿದರು. ಐದು ತಿಂಗಳು ಎಳೆಯಿತು. ವಕೀಲರ ತಪ್ಪಿಗೆ ಕಕ್ಷಿದಾರ ಶಿಕ್ಷೆ ಅನುಭವಿಸಬಾರದು ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ರಫೀಕ್ ಕೇಸಿನಲ್ಲಿ ಹೇಳಿದೆ. ಅದನ್ನೇ ಹಿಡಿದುಕೊಂಡು ದಡ ಸೇರಿದೆವು. ಕಾಸ್ಟ್ ನನ್ನ ಜೇಬಿನಿಂದ ಹೋಯಿತು. ಆ ಕಕ್ಷಿದಾರರ ಮುಂದೆ ನಾನು ಕಳೆದುಕೊಂಡ ಮುಖಕ್ಕೆ ಲೆಕ್ಕವಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಜನರೇ ಮೊದಲು ಎನ್ನುವುದು ಹುಟ್ಟುಹಬ್ಬಕ್ಕೆ ಕೇಕ್ ತರಿಸುವ ವಿಷಯವಲ್ಲ. ಒಂದು ಆಫೀಸು ಹೇಗಿದೆ ಎಂದು ನನ್ನನ್ನು ಕೇಳಿದರೆ ನಾನು ಒಂದೇ ವಿಷಯ ನೋಡುತ್ತೇನೆ. ಅಲ್ಲಿ ಕೆಟ್ಟ ಸುದ್ದಿ ಸೀನಿಯರ್ ಟೇಬಲ್‌ಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ? ನನ್ನ ಆಫೀಸಿನಲ್ಲಿ 47 ದಿನ ಹಿಡಿಯಿತು. ಅದೂ ಹೊರಗಿನವರ ಬಾಯಲ್ಲಿ ಬಂತು.

‘ಬೈದರೆ ಶಿಸ್ತು ಬರುತ್ತದೆ’ ಎನ್ನುವವರಿಗೆ ನನ್ನ ಉತ್ತರ ಇದು. ಬೈದರೆ ಬರುವುದು ಪೆನ್ಸಿಲ್. ನಮ್ಮ ವೃತ್ತಿಯಲ್ಲಿ ಎಲ್ಲವೂ ತಾರೀಖಿನ ಮೇಲೆ ನಿಂತಿದೆ. ಚೆಕ್ ಬೌನ್ಸ್ ತೆಗೆದುಕೊಳ್ಳಿ. ಬ್ಯಾಂಕ್ ಮೆಮೋ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿ 15 ದಿನ ಕಾಯಬೇಕು. ಆಮೇಲೆ ಒಂದು ತಿಂಗಳೊಳಗೆ ದೂರು. ದಾವೆಗೆ ಪ್ರತಿವಾದಿ ಕೊಡುವ ಉತ್ತರಕ್ಕೆ, ಅಂದರೆ ರಿಟನ್ ಸ್ಟೇಟ್‌ಮೆಂಟ್‌ಗೆ 30 ದಿನ, ಕೋರ್ಟ್ ಒಪ್ಪಿದರೆ 90. ಕಮರ್ಷಿಯಲ್ ದಾವೆಯಲ್ಲಾದರೆ 120 ದಿನ ದಾಟಿದ ಮೇಲೆ ಬಾಗಿಲು ಮುಚ್ಚಿತು. ಇಂಥ ಕಡೆ ಹೆದರಿದ ಹುಡುಗ ಅಥವಾ ಹುಡುಗಿ ಎರಡು ದಿನ ಬಾಯಿ ಮುಚ್ಚಿಕೊಂಡರೆ ಸಾಕು. ನೀವು ಎಷ್ಟು ಚೆನ್ನಾಗಿ ವಾದ ಮಾಡುತ್ತೀರಿ ಎನ್ನುವುದಕ್ಕೆ ಆಮೇಲೆ ಬೆಲೆಯೇ ಇಲ್ಲ.

ಒಳ್ಳೆಯವರಾಗಿದ್ದ ಮಾತ್ರಕ್ಕೆ ಸುದ್ದಿ ತಾನಾಗಿ ಬರುವುದಿಲ್ಲ, ಅದೂ ಗೊತ್ತಿರಲಿ. ನೀವು ಮೆದು ಇದ್ದರೆ ‘ಮೇಡಂಗೆ ಯಾಕೆ ಬೇಜಾರು ಮಾಡೋದು’ ಅಂತಲೂ ಮುಚ್ಚಿಡುತ್ತಾರೆ. ಸುದ್ದಿ ಬರಲು ಒಂದು ದಾರಿ ಮಾಡಿಡಬೇಕು. ನಾನು ಮಾಡಿಕೊಂಡದ್ದು ಹೇಳುತ್ತೇನೆ.

ಸಂಜೆ ಆರೂಕಾಲಿಗೆ, ಕಕ್ಷಿದಾರರು ಬರುವ ಮೊದಲು, ಎಲ್ಲರೂ ನಿಂತುಕೊಂಡೇ ಹದಿನೈದು ನಿಮಿಷ ಮಾತಾಡುತ್ತೇವೆ. ಕೂತರೆ ಒಂದು ಗಂಟೆ ಆಗುತ್ತದೆ. ಆವತ್ತಿನ ಪ್ರತಿ ಕೇಸಿಗೂ ಏನಾಯಿತು, ಮುಂದಿನ ತಾರೀಖು ಯಾವುದು. ಆಮೇಲೆ ಪ್ರತಿಯೊಬ್ಬರೂ ಆವತ್ತು ತಪ್ಪಿದ್ದು ಒಂದು ಹೇಳಬೇಕು. ಮೊದಲು ನಾನು ಹೇಳುತ್ತೇನೆ. ‘ಇವತ್ತು ಜಡ್ಜ್ ಕೇಳಿದ ಡಾಕ್ಯುಮೆಂಟ್ ನನ್ನ ಸೆಟ್‌ನಲ್ಲೇ ಇರಲಿಲ್ಲ, ಬೆಳಿಗ್ಗೆ ನೋಡಿಕೊಂಡಿರಲಿಲ್ಲ’ ಅಂತ ನಾನೇ ಹೇಳಿದ ಮೇಲೆ ಉಳಿದವರ ಬಾಯಿ ಬಿಡುತ್ತದೆ. ಮೊದಲ ಒಂದು ತಿಂಗಳು ಯಾರೂ ಏನೂ ಹೇಳಲಿಲ್ಲ, ‘ಎಲ್ಲಾ ಸರಿ ಇದೆ ಸರ್’ ಅಂದರು. ನಾನೊಬ್ಬನೇ ನನ್ನ ತಪ್ಪು ಹೇಳಿಕೊಂಡು ನಿಂತಿದ್ದೆ. ನಗಬೇಡಿ, ಬಿಡದೆ ಮಾಡಿ.

ಯಾರಾದರೂ ತಪ್ಪು ತಂದರೆ ನಿಮ್ಮ ಬಾಯಿಂದ ಬರುವ ಮೊದಲ ಮಾತು ‘ಈಗ ಏನು ಮಾಡೋಣ?’ ಎಂದೇ ಇರಲಿ. ‘ಯಾರು ಮಾಡಿದ್ದು’ ಎನ್ನುವುದು ಅರ್ಜಿ ಫೈಲ್ ಆದಮೇಲೆ. ಇದು ಹೇಳುವಷ್ಟು ಸುಲಭವಲ್ಲ. ನನಗೆ ಇವತ್ತಿಗೂ ನಾಲಗೆ ಕಚ್ಚಿಕೊಳ್ಳಬೇಕಾಗುತ್ತದೆ.

ಇನ್ನೊಂದು ಕೆಲಸ, ಪ್ರತಿ ಶನಿವಾರ ಗುಮಾಸ್ತರು ಡೈರಿಯನ್ನು ಇ-ಕೋರ್ಟ್ಸ್ ಜೊತೆ ತಾಳೆ ನೋಡುತ್ತಾರೆ. ಜೂನಿಯರ್ ಬರೆದದ್ದನ್ನು ಇನ್ನೊಬ್ಬರು ನೋಡುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತು. ಅದು ಅಪನಂಬಿಕೆ ಅಲ್ಲ. ನನ್ನ ತಾರೀಖುಗಳನ್ನೂ ಅವರೇ ನೋಡುತ್ತಾರೆ. ಈ ಒಂದು ಕೆಲಸ ನನ್ನ ಎಷ್ಟು ಕೋಪವನ್ನು ಉಳಿಸಿದೆಯೋ!

ಬೈಯಲೇಬಾರದಾ? ಬೈಯಿರಿ. ಕೆಲಸವನ್ನು ಬೈಯಿರಿ, ಬಾಗಿಲು ಹಾಕಿಕೊಂಡು ಬೈಯಿರಿ, ಕಕ್ಷಿದಾರರ ಮುಂದೆ ಬೇಡ. ಡ್ರಾಫ್ಟ್‌ಗೆ ಕೆಂಪು ಶಾಯಿ ಬಳಿದು ವಾಪಸ್ ಎಸೆಯುವುದು ಕಲಿಸುವುದಲ್ಲ. ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಪ್ಯಾರಾ ಇಬ್ಬರೂ ಸೇರಿ ತಿದ್ದಿದರೆ ಮುಂದಿನ ಹತ್ತು ಡ್ರಾಫ್ಟ್ ಸರಿ ಬರುತ್ತವೆ. ‘ನಾನೂ ಹೀಗೇ ಬೈಸಿಕೊಂಡು ಕಲಿತೆ’ ಎನ್ನುವ ವಾದ ನಮ್ಮಲ್ಲಿ ಜಾಸ್ತಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಕಾಯ್ದುಕೊಂಡಿದ್ದು ತೀರಿಸಿಕೊಳ್ಳುವುದು ಅದು, ಬೇರೇನಲ್ಲ.

ಇನ್ನು ದುಡ್ಡು. ಇದನ್ನು ನೀವು ಪತ್ರದ ಕೊನೆಯಲ್ಲಿ ನಾಚಿಕೊಂಡು ಬರೆದಿದ್ದೀರಿ. ನಾನು ನೇರವಾಗಿ ಕೇಳುತ್ತೇನೆ. ಜೂನಿಯರ್‌ಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ? ಯಾವ ತಾರೀಖಿಗೆ ಕೊಡುತ್ತೀರಿ?

2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು, ನಾವು ಬಾರ್ ಕೌನ್ಸಿಲ್ ಅನ್ನುತ್ತೇವಲ್ಲ, ಒಂದು ಸುತ್ತೋಲೆ ಹೊರಡಿಸಿತು. ನಗರದಲ್ಲಿ ಜೂನಿಯರ್‌ಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 15,000, ಮೊದಲ ಮೂರು ವರ್ಷ ಕೊಡಬೇಕು ಎಂದಿತು. ಅದು ಸಲಹೆ, ಕಡ್ಡಾಯವಲ್ಲ. ಸಣ್ಣ ಆಫೀಸುಗಳ ಕೈ ಬಿಗಿ ಇರುತ್ತದೆ ಎಂಬುದನ್ನು ಅದೂ ಒಪ್ಪಿಕೊಂಡಿದೆ. ಅದೇ ವರ್ಷ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡು, ಪುದುಚೇರಿಗೆ ಇದೇ ಮೊತ್ತಗಳನ್ನು ಹೇಳಿ ಬಾರ್ ಕೌನ್ಸಿಲ್‌ಗೆ ನಿರ್ದೇಶನ ಕೊಟ್ಟಿತ್ತು. ‘ನಾವು ಕೆಲಸ ಕಲಿಸ್ತೀವಲ್ಲ, ಅದೇ ಸ್ಟೈಪೆಂಡ್’ ಎಂಬ ಹಳೆಯ ಮಾತು ಈಗ ನಡೆಯುವುದಿಲ್ಲ. ರೂಮಿನ ಬಾಡಿಗೆಯವನು ‘ಕಲೀತಿದ್ದೀನಿ’ ಅಂದರೆ ಬಿಡುತ್ತಾನಾ?

ನಿಮಗೆ 20,000 ಕೊಡಲು ಆಗದಿರಬಹುದು. ಮೂವರಿಗೆ 60,000 ಅಂದರೆ ಸಣ್ಣ ಮಾತಲ್ಲ. ಹಾಗಿದ್ದರೆ ಮೂವರ ಬದಲು ಇಬ್ಬರನ್ನು ಇಟ್ಟುಕೊಳ್ಳಿ. ಮೂವರಿಗೆ ಹತ್ತು ಹತ್ತು ಸಾವಿರ ಕೊಟ್ಟು ಮೂವರೂ ಸಂಜೆ ಬೇರೆ ಆಫೀಸಿನ ಟೈಪಿಂಗ್ ಮಾಡುವುದಕ್ಕಿಂತ ಇಬ್ಬರಿಗೆ ಸರಿಯಾಗಿ ಕೊಡುವುದು ಒಳ್ಳೆಯದು. ಈಗ ಇರುವವರಲ್ಲಿ ಒಬ್ಬರನ್ನು ಕಳಿಸಿ ಎನ್ನುತ್ತಿಲ್ಲ. ಒಬ್ಬರು ತಾವಾಗಿ ಹೋದಾಗ ಆ ಜಾಗ ತುಂಬಬೇಡಿ. ಎಷ್ಟೇ ಕೊಡಿ, 5ನೇ ತಾರೀಖು ಎಂದರೆ 5ನೇ ತಾರೀಖು. ನಾನು ನೋಡಿದ ಹಾಗೆ ಕಡಿಮೆ ಸ್ಟೈಪೆಂಡ್‌ಗಿಂತ ಜನರನ್ನು ಹೆಚ್ಚು ನೋಯಿಸುವುದು ‘ಈ ವಾರ ಒಂದು ಫೀ ಬರೋದಿದೆ, ಬಂದ ಮೇಲೆ ಕೊಡ್ತೀನಿ’ ಎಂಬ ಮಾತು. ಕಕ್ಷಿದಾರ ನಿಮಗೆ ಹೇಳುವ ಸುಳ್ಳನ್ನೇ ನೀವು ಜೂನಿಯರ್‌ಗೆ ದಾಟಿಸುತ್ತಿದ್ದೀರಿ, ಅಷ್ಟೆ. ಗಾಜಿನ ಕ್ಯಾಬಿನ್, ಎಸಿ, ಹೊರಗೆ ದೊಡ್ಡ ಬೋರ್ಡ್ ಇದ್ದು ಸ್ಟೈಪೆಂಡ್ ಇಲ್ಲದ ಆಫೀಸುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಸ್ಟೈಪೆಂಡ್‌ಗಿಂತ ಚಿಕ್ಕದು, ಯಾರೂ ಮಾತಾಡದ್ದು ಇನ್ನೊಂದಿದೆ. ಜೆರಾಕ್ಸ್, ಸ್ಟಾಂಪು, ಆಟೋ, ಹುಬ್ಬಳ್ಳಿಯಿಂದ ಧಾರವಾಡ ಪೀಠಕ್ಕೆ ಹೋಗಿಬರುವ ಪೆಟ್ರೋಲು. ಇದನ್ನೆಲ್ಲ ಜೂನಿಯರ್ ತನ್ನ ಜೇಬಿನಿಂದ ಹಾಕುತ್ತಾಳೆ. ಆಮೇಲೆ ಕೇಳಲು ಸಂಕೋಚ. 40 ರೂಪಾಯಿ, 70 ರೂಪಾಯಿ, ಏನು ಕೇಳೋದು ಅಂತ ಬಿಡುತ್ತಾಳೆ. ತಿಂಗಳಿಗೆ ಒಂದೂವರೆ ಸಾವಿರ ಹೋಗಿರುತ್ತದೆ. ನಾವು ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದೇವೆ. ಪ್ರತಿ ಸೋಮವಾರ ಅದರಲ್ಲಿ 3,000 ಇರಬೇಕು. ಪಕ್ಕದಲ್ಲಿ ಒಂದು ನೋಟ್‌ಬುಕ್. ತೆಗೆದುಕೊಂಡವರು ಬರೆಯಬೇಕು, ಯಾರನ್ನೂ ಕೇಳಬೇಕಿಲ್ಲ. ಎಂಟು ವರ್ಷದಲ್ಲಿ ಲೆಕ್ಕ ಎರಡು ಸಲ ತಪ್ಪಿದೆ. ಎರಡು ಸಲವೂ ತೆಗೆದುಕೊಂಡು ಬರೆಯಲು ಮರೆತದ್ದು ನಾನೇ.

ಸರಿ, ದುಡ್ಡು ಸರಿಯಾದರೆ ಜನ ಉಳಿಯುತ್ತಾರಾ? ಪೂರ್ತಿ ಇಲ್ಲ. ಜೂನಿಯರ್‌ಗಳು ಹೋಗುವುದಕ್ಕೆ ಇನ್ನೊಂದು ಕಾರಣ ಇದೆ. ಅವರದೇ ಎಂದು ಒಂದು ಕೇಸೂ ಇರುವುದಿಲ್ಲ. ಮೂರು ವರ್ಷ ‘ಸೀನಿಯರ್ ಬರ್ತಿದಾರೆ, ಪಾಸ್‌ಓವರ್’, ಅಂದರೆ ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ, ಎಂದು ಹೇಳಿದ್ದೇ ಪ್ರಾಕ್ಟೀಸ್. ಕಕ್ಷಿದಾರರು ಸಹಿ ಹಾಕಿಕೊಡುವ ವಕಾಲತ್ತಿನಲ್ಲಿ ಜೂನಿಯರ್ ಹೆಸರು ಹಾಕುತ್ತೀರಾ, ನೋಡಿಕೊಳ್ಳಿ. ನಾನು ಮೊದಲ ವರ್ಷದ ಕೊನೆಯಲ್ಲಿ ಒಂದು ಸಣ್ಣ ಕೇಸನ್ನು ಪೂರ್ತಿ ಕೊಡುತ್ತೇನೆ. ನೋಟಿಸಿನಿಂದ ಹಿಡಿದು ವಾದದವರೆಗೆ. ಪಾಟಿಸವಾಲು ಅವರೇ ಮಾಡಬೇಕು. ನಾನು ಹಿಂದಿನ ಸಾಲಿನಲ್ಲಿ ಕೂರುತ್ತೇನೆ, ಬಾಯಿ ಬಿಡುವುದಿಲ್ಲ. ಒಬ್ಬಳು ಮೊದಲ ಸಲ ಸಾಕ್ಷಿಗೆ ಹನ್ನೊಂದು ಪ್ರಶ್ನೆ ಕೇಳಿದಳು. ಒಂಬತ್ತು ಬೇಡದವು, ಒಂದು ನಮಗೇ ಏಟು ಕೊಡುವಂಥದ್ದು. ಎದ್ದು ನಿಲ್ಲಲು ಕಾಲು ತುರಿಸಿತು. ನಿಲ್ಲಲಿಲ್ಲ. ಕಕ್ಷಿದಾರರಿಗೆ ಮೊದಲೇ ಹೇಳಿ ಒಪ್ಪಿಸಿದ್ದೆ, ಅದು ಮುಖ್ಯ. ಅವರ ಕೇಸನ್ನು ಅವರಿಗೆ ಗೊತ್ತಿಲ್ಲದೆ ಪಾಠಶಾಲೆ ಮಾಡಬಾರದು. ರಿಸ್ಕ್ ಇರುವ ಕೇಸನ್ನೂ ಹೀಗೆ ಕೊಡಬಾರದು.

ಅವರ ಊರಿನವರು, ನೆಂಟರು ತಂದ ಕೇಸನ್ನು ಅವರೇ ನಡೆಸಲಿ. ಫೀಸು ಅವರದ್ದೇ. ಆಫೀಸಿನ ಟೈಪಿಸ್ಟ್, ಪುಸ್ತಕ, ಕಂಪ್ಯೂಟರ್ ಬಳಸಿಕೊಳ್ಳಲಿ. ‘ಹೀಗೆ ಬಿಟ್ಟರೆ ನಮ್ಮ ಕಕ್ಷಿದಾರರನ್ನೂ ಎಳೆದುಕೊಂಡು ಹೋಗ್ತಾರೆ’ ಎಂದು ನಿಮ್ಮ ಜೊತೆಯವರು ಹೇಳುತ್ತಾರೆ. ಹೋಗುವವರು ಹೇಗೂ ಹೋಗುತ್ತಾರೆ. ಫೀಸು ಬಾಕಿ ಇದ್ದರೂ ಕಕ್ಷಿದಾರರ ಫೈಲನ್ನು ವಕೀಲರು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಕಕ್ಷಿದಾರ ಯಾರ ಆಸ್ತಿಯೂ ಅಲ್ಲ.

ಈಗ ನಿಮ್ಮ ಗುಮಾಸ್ತರ ವಿಷಯ. ಪತ್ರದಲ್ಲಿ ಅವರ ಬಗ್ಗೆ ಒಂದೇ ಸಾಲು ಇದೆ: ‘31 ವರ್ಷದಿಂದ ಇದ್ದಾರೆ, ಅವರದ್ದೇನೂ ಸಮಸ್ಯೆ ಇಲ್ಲ.’ ಸಮಸ್ಯೆ ಇಲ್ಲ ಎಂದರೆ ಅವರು ಹೇಳಿಲ್ಲ, ಅಷ್ಟೆ ಅಲ್ವಾ?

ಯಾವ ಫೈಲು ಯಾವ ಬೀರುವಿನಲ್ಲಿ, ಯಾವ ಕೋರ್ಟಿನ ಶಿರಸ್ತೇದಾರರು ಯಾವ ಆಬ್ಜೆಕ್ಷನ್ ಹಾಕುತ್ತಾರೆ, ಯಾವ ಕಕ್ಷಿದಾರ ಹಣ ಕೊಡುವುದಿಲ್ಲ, ಎಲ್ಲ ಅವರ ತಲೆಯಲ್ಲಿ ಇರುತ್ತದೆ. ಆಫೀಸಿನ ಬೆನ್ನೆಲುಬು ಅವರು. ಆದರೆ ಕಾನೂನಿನಲ್ಲಿ ಅವರಿಗೆ ಹಿಡಿದುಕೊಳ್ಳಲು ಹೆಚ್ಚೇನೂ ಇಲ್ಲ. ಕೇರಳದ ಒಂದು ವಕೀಲರ ಫರ್ಮ್‌ನ ಗುಮಾಸ್ತರು ಕೆಲಸ ಕಳೆದುಕೊಂಡು ಸುಪ್ರೀಂ ಕೋರ್ಟಿನವರೆಗೆ ಹೋದರು. ವಕೀಲರ ಆಫೀಸು ಅಲ್ಲಿನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಬರುವುದಿಲ್ಲ ಎಂದು 1984ರಲ್ಲಿ ತೀರ್ಪಾಯಿತು. ಊರಿನವರ ಹಕ್ಕಿಗೆಲ್ಲ ವಾದ ಮಾಡುವ ನಾವು, ನಮ್ಮ ಬಾಗಿಲಲ್ಲಿ ಕೂತವರಿಗೆ ಗ್ರ್ಯಾಚುಟಿ ಎಂಬ ಮಾತೇ ಎತ್ತುವುದಿಲ್ಲ.

ಅವರಿಗೆ ಫೀಸಿನಲ್ಲಿ ಪಾಲು ಕೊಡೋಣ ಎಂದು ನಿಮಗೆ ಅನ್ನಿಸಬಹುದು. ಅದು ಬೇಡ. ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳುವ ಏರ್ಪಾಡನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಒಳ್ಳೆಯ ಸಂಬಳ ಕೊಡಿ, ದೀಪಾವಳಿಗೆ ಬೋನಸ್ ಕೊಡಿ. ಅವರ ಹೆಸರಲ್ಲಿ ಒಂದು ಆರ್‌ಡಿ ಮಾಡಿಸಿ, ಅವರಿಗೂ ಅವರ ಮನೆಯವರಿಗೂ ಸೇರಿ ಆರೋಗ್ಯ ವಿಮೆ ಮಾಡಿಸಿ. ಬಿಡುವ ದಿನ ಎಷ್ಟು ಕೊಡುತ್ತೀರಿ ಎಂದು ಒಂದು ಹಾಳೆಯಲ್ಲಿ ಈಗಲೇ ಬರೆದು ಸಹಿ ಹಾಕಿ ಕೊಡಿ. ನಮ್ಮ ಗುಮಾಸ್ತರಿಗೆ ಹಾಗೆ ಬರೆದು ಕೊಟ್ಟ ದಿನ ಅವರು ಅದನ್ನು ಓದಲಿಲ್ಲ. ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. ಜೂನಿಯರ್‌ಗಳು ಅವರನ್ನು ಹೆಸರು ಹಿಡಿದು ಕರೆಯುವುದನ್ನೂ ನಾನು ನಿಲ್ಲಿಸಿದೆ. ಅವರ ಅಪ್ಪನ ವಯಸ್ಸಿನವರು. ಕಪ್ಪು ಕೋಟು ಹಾಕಿದ ತಕ್ಷಣ ‘ಏ, ಆ ಫೈಲ್ ತಗೊಂಬಾ’ ಎನ್ನುವ ಹುಡುಗರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಹೆಣ್ಣುಮಕ್ಕಳ ವಿಷಯ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ಮಾತು. ಹತ್ತಕ್ಕಿಂತ ಕಡಿಮೆ ಜನ ಇರುವ ಆಫೀಸಿಗೆ ಲೈಂಗಿಕ ಕಿರುಕುಳದ ದೂರು ಕೇಳುವ ಒಳಗಿನ ಸಮಿತಿ ಕಡ್ಡಾಯ ಇಲ್ಲ ನಿಜ. ಹಾಗೆಂದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ ಎಂದು ಬಹಳ ವಕೀಲರೇ ತಪ್ಪು ತಿಳಿದಿದ್ದಾರೆ. ಅಂಥ ಕಡೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಅದರ ವಿಳಾಸ, ಫೋನ್ ನಂಬರ್ ಗೋಡೆಗೆ ಅಂಟಿಸಿ. ದಿನದ ಕೇಸುಗಳ ಪಟ್ಟಿ, ಅಂದರೆ ಕಾಸ್ ಲಿಸ್ಟ್ ಪಕ್ಕದಲ್ಲೇ ಇರಲಿ, ದಿನಾ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಕ್ಷಿದಾರರ ಕಣ್ಣಿಗೂ. ಜೂನಿಯರ್‌ಳನ್ನು ಒಬ್ಬಳನ್ನೇ ಕಕ್ಷಿದಾರರ ತೋಟಕ್ಕೆ, ಸೈಟಿಗೆ ಕಳಿಸಬೇಡಿ. ಹೆರಿಗೆಗೆ ಹೋದವಳ ಕೇಸುಗಳನ್ನು ಬೇರೆಯವರಿಗೆ ಹಂಚುವಾಗ ‘ನೋಡಿಕೊಳ್ಳುತ್ತಿರುವವರು’ ಎಂದು ಬರೆದುಕೊಳ್ಳಿ, ಕೇಸು ಅವಳ ಹೆಸರಿನಲ್ಲೇ ಇರಲಿ. ವಾಪಸ್ ಬಂದಾಗ ಅವಳಿಗೆ ಕೆಲಸವೂ ಇರಬೇಕು, ಕುರ್ಚಿಯೂ ಇರಬೇಕು. ಬಂದು ನೋಡಿದರೆ ಕುರ್ಚಿ ಮೇಲೆ ಹಳೇ ಫೈಲುಗಳ ಗುಡ್ಡ ಇತ್ತು ಎಂದು ನನ್ನ ಹಳೆಯ ಜೂನಿಯರ್ ಒಬ್ಬಳು ಹತ್ತು ವರ್ಷದ ಮೇಲೆ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ಕೆಲಸದ ಹೊತ್ತಿನ ಬಗ್ಗೆ ಸುಳ್ಳು ಹೇಳುವುದು ಬೇಡ. ನಮ್ಮದು ಹತ್ತರಿಂದ ಆರರ ಕೆಲಸ ಅಲ್ಲ, ಆಗುವುದೂ ಇಲ್ಲ. ನಾಳೆಯ ಕಾಸ್ ಲಿಸ್ಟ್ ನೋಡಿ ರಾತ್ರಿ ತಯಾರಿ ಮಾಡಲೇಬೇಕು. ಅದಕ್ಕೆ ಬದಲಾಗಿ ಬೇಸಿಗೆ ರಜೆ, ದಸರಾ ರಜೆಯಲ್ಲಿ ನಿಜವಾಗಿಯೂ ರಜೆ ಕೊಡಿ. ‘ರಜೆಯಲ್ಲಿ ಹಳೇ ಫೈಲ್ ಸರಿ ಮಾಡೋಣ’ ಎನ್ನಬೇಡಿ.

ಒಂದು ಕಷ್ಟದ ವಿಷಯಕ್ಕೆ ಬರುತ್ತೇನೆ. ಕೋರ್ಟ್ ಆರ್ಡರ್‌ನ ಸರ್ಟಿಫೈಡ್ ಕಾಪಿ ಬೇಗ ಬೇಕು, ಫೈಲು ಮುಂದೆ ಹೋಗಬೇಕು ಎಂದಾಗ ಕೆಲವು ಕಡೆ ‘ಖರ್ಚು’ ಕೇಳುತ್ತಾರೆ. ಅದನ್ನು ಕೊಡಲು ಯಾರನ್ನು ಕಳಿಸುತ್ತಾರೆ? ಜೂನಿಯರ್‌ನನ್ನು. ಮೊದಲ ವರ್ಷದ ಹುಡುಗನ ಕೈಗೆ 500ರ ನೋಟು ಕೊಟ್ಟು ‘ಮಾಮೂಲು ಕೊಟ್ಟು ಬಾ’ ಎನ್ನುತ್ತಾರೆ. ಸಿಕ್ಕಿಬಿದ್ದರೆ ಹೋಗುವುದು ಅವನ ಸನ್ನದು. ಸಿಕ್ಕಿಬೀಳದಿದ್ದರೆ ಹೋಗುವುದು ಇನ್ನೇನೋ. ನಾನು ಇದನ್ನು ಪೂರ್ತಿ ನಿಲ್ಲಿಸಿದಾಗ ಆರು ತಿಂಗಳು ನಮ್ಮ ಕಾಪಿಗಳು ತಡವಾದವು. ಕಕ್ಷಿದಾರರಿಗೆ ‘ತಡ ಆಗುತ್ತದೆ, ಕಾರಣ ಇದು’ ಎಂದು ಹೇಳಿದೆ. ಇಬ್ಬರು ಫೈಲು ತೆಗೆದುಕೊಂಡು ಹೋದರು. ನೀವು ಏನೇ ಕೇಕ್ ಕತ್ತರಿಸಿ, ಜೂನಿಯರ್ ಕೈಯಲ್ಲಿ ಈ ಕೆಲಸ ಮಾಡಿಸಿದರೆ ಅವರನ್ನು ಚೆನ್ನಾಗಿ ನೋಡಿಕೊಂಡ ಹಾಗಲ್ಲ.

ಕಕ್ಷಿದಾರರಿಗೂ ಇದೇ ಅಳತೆ. ಜೂನಿಯರ್‌ಗೆ ಏಕವಚನದಲ್ಲಿ ಬೈದ ಒಬ್ಬ ದೊಡ್ಡ ಕಕ್ಷಿದಾರರಿಗೆ ನಾನು ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದೆ. ಅದನ್ನೂ ಹೇಗೆ ಬೇಕೋ ಹಾಗೆ ಮಾಡುವಂತಿಲ್ಲ. ಸರಿಯಾದ ಕಾರಣ ಬೇಕು, ಸಾಕಷ್ಟು ಮೊದಲು ತಿಳಿಸಬೇಕು, ಮಾಡದ ಕೆಲಸದ ಫೀಸು ವಾಪಸ್ ಕೊಡಬೇಕು. ಕೊಟ್ಟೆ. ಆ ತಿಂಗಳು ಸ್ಟೈಪೆಂಡ್ ಕೊಡಲು ನನ್ನ ಎಫ್‌ಡಿ ಮುರಿದೆ. ಇಂಥ ಮರ್ಯಾದೆಗೆ ಬೆಲೆ ಇರುತ್ತದೆ, ಅದನ್ನು ಸೀನಿಯರ್ರೇ ಕೊಡಬೇಕು. ಅದಕ್ಕೇ ಎರಡು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿ ಇಟ್ಟುಕೊಳ್ಳಿ ಎನ್ನುತ್ತೇನೆ.

ಒಂದು ಎಚ್ಚರಿಕೆ. ‘ನಾವೆಲ್ಲ ಒಂದೇ ಮನೆಯವರ ಥರ’ ಎಂದು ನೀವು ಬರೆದಿದ್ದೀರಿ. ಆ ಮಾತು ಕಡಿಮೆ ಮಾಡಿ. ಮನೆಯವರು ಎಂದ ಕೂಡಲೇ ಸಂಬಳ ಕೇಳುವುದು ಸಂಕೋಚ, ರಜೆ ಕೇಳುವುದು ಸಂಕೋಚ, ಬಿಟ್ಟು ಹೋಗುವುದು ದ್ರೋಹ. ನಿಮ್ಮ ಹುಡುಗಿ ಕಾರಣ ಹೇಳದೆ ಹೋದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಮನೆ ಬಿಟ್ಟು ಹೋಗುವವರು ರಾಜೀನಾಮೆ ಬರೆಯುವುದಿಲ್ಲ.

ಯಾರನ್ನಾದರೂ ಕಳಿಸಬೇಕಾಗಿ ಬಂದರೆ? ಬರುತ್ತದೆ. ಕಕ್ಷಿದಾರರಿಂದ ರಸೀದಿ ಇಲ್ಲದೆ ಹಣ ತೆಗೆದುಕೊಂಡವರಿಗೆ ನನ್ನ ಆಫೀಸಿನಲ್ಲಿ ಎರಡನೇ ಅವಕಾಶ ಇಲ್ಲ. ತಾರೀಖು ತಪ್ಪಿ ಅವತ್ತೇ ಹೇಳಿದವರಿಗೆ ಹತ್ತು ಅವಕಾಶ ಇದೆ. ಈ ಎರಡರ ನಡುವಿನ ಗೆರೆ ಎಲ್ಲರಿಗೂ ಮೊದಲ ದಿನವೇ ಗೊತ್ತಿರಬೇಕು. ನಿಮ್ಮ ಜೊತೆಯ ವಕೀಲರು ಕೇಳುವ ಶಿಸ್ತು ಅಂದರೆ ಇದೇ.

ಪೆನ್ಸಿಲ್‌ನಲ್ಲಿ ತಾರೀಖು ಬರೆದ ನನ್ನ ಜೂನಿಯರ್ ಏನಾದ ಎಂದು ಕೇಳುತ್ತೀರಿ. ಕಳಿಸಲಿಲ್ಲ. ಸುಳ್ಳು ತಾರೀಖು ಬರೆದದ್ದು ಸಣ್ಣ ತಪ್ಪಲ್ಲ, ಅದನ್ನು ಅವನಿಗೂ ಹೇಳಿದೆ. ಆದರೆ ಆ ತಪ್ಪಿನಲ್ಲಿ ಅರ್ಧ ನನ್ನದು ಎಂದು ಎಲ್ಲರ ಎದುರಿಗೆ ಒಪ್ಪಿಕೊಂಡೆ. ದಾವೆಗೆ ಮತ್ತೆ ಜೀವ ಕೊಡಿ ಎಂಬ ಆ ಅರ್ಜಿಯ ವಾದ ಅವನೇ ಮಾಡಿದ. ಇನ್ನೂ ಮೂರು ವರ್ಷ ನಮ್ಮಲ್ಲಿದ್ದ.

ಈಗ ನಿಮ್ಮ ಕೊನೆಯ ಪ್ರಶ್ನೆ. ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ಪ್ರಾಕ್ಟೀಸ್ ಬೇಕು ಎಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ತೋರಿಸುವ ಒಂದು ದಾರಿ, ಹತ್ತು ವರ್ಷ ದಾಟಿದ ವಕೀಲರ ಪತ್ರ, ಅದರ ಮೇಲೆ ಅಲ್ಲಿನ ಪ್ರಧಾನ ನ್ಯಾಯಾಧೀಶರ ದೃಢೀಕರಣ. ಅಂದರೆ ನಮ್ಮ ಒಂದು ಸಹಿಗೆ ಈಗ ಹಿಂದೆಂದೂ ಇಲ್ಲದ ತೂಕ ಬಂದಿದೆ. ನಿಮಗೆ 14 ವರ್ಷ ಆಗಿದೆ, ಸಹಿ ಹಾಕಬಲ್ಲಿರಿ. ಅವಳು ಎಷ್ಟು ದಿನ ಕೆಲಸ ಮಾಡಿದ್ದಾಳೋ ಅಷ್ಟನ್ನು ಬರೆಯಿರಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಮಾತಾಡಿದ ಮೇಲೆ ಕೊಡುತ್ತೇನೆ ಎಂದು ಇಟ್ಟುಕೊಳ್ಳಬೇಡಿ. ಹಾಗೆ ಇಟ್ಟುಕೊಂಡರೆ ಅವಳು ಫೋನಿನಲ್ಲಿ ನಿಮಗೆ ನಿಜ ಹೇಳುವುದಿಲ್ಲ, ಸಹಿಗೆ ಬೇಕಾದ ಮಾತು ಹೇಳುತ್ತಾಳೆ.

ನಾಳೆ ಬೆಳಿಗ್ಗೆ ಸಹಿ ಹಾಕಿ. ಗುಮಾಸ್ತರ ಕೈಯಲ್ಲಿ ಅವಳ ಮನೆಗೆ ಕಳಿಸಿ. ಅವಳಿಗೆ ಸಿಕ್ಕಿದೆ ಎಂದು ಗೊತ್ತಾದ ಮೇಲೆ ನಾಲ್ಕು ದಿನ ಬಿಟ್ಟು, ಕೋರ್ಟ್ ಇಲ್ಲದ ಭಾನುವಾರ ಫೋನ್ ಮಾಡಿ. ವಾಪಸ್ ಬಾ ಎನ್ನಬೇಡಿ. ‘ನನಗೆ ಹೇಳೋಕೆ ಆಗದೇ ಇದ್ದದ್ದು ಏನಾದ್ರೂ ಇತ್ತಾ?’ ಎಂದು ಕೇಳಿ. ಆಮೇಲೆ ಅವಳು ಎಷ್ಟು ಹೊತ್ತು ಸುಮ್ಮನಿದ್ದರೂ ನಡುವೆ ಮಾತಾಡಬೇಡಿ.